ತೊಣ್ಣೂರಿನ ಏರಿನಲ್ಲಿ ನಿಂತ ಗಾಡಿ

ಶ್ರೀರಂಗಪಟ್ಟಣದ ಕೋಟೆ ಬೀಳುವ ಹಿಂದಿನ ವರ್ಷ ನಡೆದದ್ದಿದು. ಕುಲುಮೆ ಕೆಲಸದವನಿಗೆ ಕೂತು ಕಥೆ ಕಟ್ಟುವ ಪುರುಸೊತ್ತಿರುವುದಿಲ್ಲ. ನಾನೂ ತಮ್ಮ ಕಾಳಾಚಾರಿಯೂ ದೇವಲಾಪುರದಿಂದ ಕಬ್ಬಿಣ ಹೇರಿಕೊಂಡು ತೊಣ್ಣೂರಿನ ಬೆಟ್ಟದ ಏರು ಹತ್ತುತ್ತಿದ್ದೆವು. ಸುಡುವ ಮಧ್ಯಾಹ್ನ. ಅರ್ಧ ದಾರಿಯಲ್ಲಿ ಒಂದು ಎತ್ತು ಮಂಡಿಯೂರಿಬಿಟ್ಟಿತು. ಗಾಡಿ ಹಿಂದಕ್ಕೆ ಜಾರದಂತೆ ನಾನು ಗಾಲಿಗೆ ಹೆಗಲು ಕೊಟ್ಟೆ.

"ಗಾಲಿಗೆ ಕಲ್ಲು ತತ್ತೀನಿ. ನಾ ಬರೋಗಂಟ ಬುಡಬ್ಯಾಡ ಕಣಣ್ಣ," ಅಂತ ಕಾಳ ಕೆಳಕ್ಕೆ ಓಡಿದ.

ಗಾಲಿ ಹೆಗಲನ್ನು ಅದುಮತೊಡಗಿತು. ಇನ್ನು ಆಗುವುದಿಲ್ಲ ಅನ್ನುವಾಗ ಆಚೆ ಗಾಲಿಯ ಹಿಂದಿನಿಂದ ಕಾಳನ ದನಿ ಬಂತು: "ನಾ ಇಡ್ಕಂಡಿವ್ನಿ, ನೀ ಬುಡು."

ಬಿಟ್ಟೆ. ಗಾಡಿ ಅಲುಗಲಿಲ್ಲ. ಬಿಸಿಲಿಗೆ ಕಾದಿದ್ದ ಗಾಲಿಯ ಪಟ್ಟಿ ಮಾತ್ರ ಕೆರೆನೀರಿನಂತೆ ತಣ್ಣಗಾಗಿತ್ತು.

ಆಗ ಕೆಳಗಿನಿಂದ ಕಲ್ಲು ಹೊತ್ತು ಕಾಳ ಏದುತ್ತ ಬಂದ. "ಯಾಕಣ್ಣ ಬುಟ್ಟೆ?"

ಆಚೆ ಗಾಲಿಯ ಹಿಂದೆ ಯಾರೂ ಇರಲಿಲ್ಲ. ಧೂಳಲ್ಲಿ ಎರಡು ಪಾದದ ಗುರುತಿದ್ದವು. ನಾವು ನೋಡುತ್ತಿದ್ದಂತೆ ಅವು ಇನ್ನಷ್ಟು ಆಳಕ್ಕಿಳಿದವು. ಕಾಳನ ಕೈಯ ಕಲ್ಲು ಜಾರಿ ಉರುಳಿಹೋಯಿತು.

ಎತ್ತು ಬಿಚ್ಚಿಕೊಂಡು ಇಳಿದೆವು. ಹತ್ತು ಮಾರು ದಾಟಿರಲಿಲ್ಲ, ಮೇಲಿನಿಂದ ಮತ್ತೆ ಅದೇ ದನಿ, ಸೋತ ದನಿ: "ಇನ್ನು ಬುಡ್ಲೇನಣ್ಣ?"

ಕಾಳ ನನ್ನ ಪಕ್ಕದಲ್ಲೇ ಇದ್ದ. ಗಾಡಿ ನಮ್ಮ ನೆತ್ತಿಯ ಮೇಲಿತ್ತು. ನಾನು ಉತ್ತರ ಕೊಡಲಿಲ್ಲ.

ಗಾಡಿ ಇವತ್ತಿಗೂ ಆ ಏರಿನಲ್ಲೇ ನಿಂತಿದೆ.