ಏಳನೇ ಬ್ಯಾಗು

"ಇದೂ ಬೇಡ ಡಾಕ್ಟ್ರೇ. ಜಿಪ್ ನೋಡಿ, ಎಷ್ಟು ಚಿಕ್ಕದು! ದಪ್ಪ ಗ್ಲೌಸ್ ಹಾಕ್ಕೊಂಡ್ರೆ ಎಳೆಯೋಕೇ ಆಗಲ್ಲ."

ದ್ವಾರಕಾನಾಥ್ ಏಳನೇ ಬ್ಯಾಗನ್ನೂ ರಾಶಿಯ ಮೇಲಿಟ್ಟ. ನಮಿತಾಗೆ ಅಲ್ಲೇ, ಆ ರಾಶಿಯ ಮೇಲೇ ತಲೆಯಿಟ್ಟು ಮಲಗಿಬಿಡಬೇಕು ಅನ್ನಿಸಿತು. ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಹದಿನಾಲ್ಕು ಗಂಟೆ ರೋಗಿಗಳಿಗೆ ಅರಿವಳಿಕೆ ಕೊಟ್ಟು ಬಂದು, ಬೆಳಗ್ಗೆ ಮೂರು ಗಂಟೆ ಹೊತ್ತು ನಿದ್ದೆ ಮಾಡಿದ್ದಳು, ಅಷ್ಟೇ. ಹಳೇ ಬಟ್ಟೆ ಮಾರುವ ಟೊಯ್ ಮಾರ್ಕೆಟ್ಟಿನ ತಗಡಿನ ಮಾಡು ಫೆಬ್ರವರಿಯ ಬಿಸಿಲಿಗೆ ಕಾದು ಕೂತಿತ್ತು. ಯುರೋಪಿನವರು ಬಳಸಿ ಬಿಟ್ಟ ಹಿಮದ ಜಾಕೆಟ್ಟು, ಟೋಪಿ, ಬ್ಯಾಗುಗಳೆಲ್ಲ ಮೂಟೆಯಲ್ಲಿ ಬಂದು ಬೀಳುವುದು ಇಲ್ಲಿಗೇ. ಜಾಕೆಟ್ಟುಗಳನ್ನು ಬೈಕ್ ಟ್ಯಾಕ್ಸಿಯವರು ಕೊಳ್ಳುತ್ತಾರೆ. ಭೂಮಧ್ಯರೇಖೆಯ ಹತ್ತಿರದ ಈ ಊರಿನಲ್ಲಿ ಬ್ಯಾಗನ್ನು ನಿಜವಾಗಿಯೂ ಹಿಮಕ್ಕೆ ಒಯ್ಯಲೆಂದು ಹುಡುಕಿಕೊಂಡು ಬಂದ ಗಿರಾಕಿ ಇವಳೇ ಮೊದಲು ಎಂದು ಅಂಗಡಿಯ ಮೇರಿ ಆಗಲೇ ಎರಡು ಸಲ ಹೇಳಿ ನಕ್ಕಿದ್ದಳು.

"ನೀವು ಹಿಮ ನೋಡಿದ್ದೀರಾ ದ್ವಾರಕಾನಾಥ್?"

"ಫ್ರಿಜ್‌ನಲ್ಲಿ ನೋಡಿದ್ದೀನಿ."

"ಮತ್ತೆ ಇಷ್ಟೆಲ್ಲ ಹೇಗೆ ಗೊತ್ತು?"

"ಯೂಟ್ಯೂಬು. ಮೂರು ದಿನದಿಂದ ಜನ ಜಾರಿ ಬೀಳೋದನ್ನೇ ನೋಡ್ತಿದ್ದೀನಿ. ನಮ್ಮ ಬ್ಯಾಂಕಿನ ಕಂಪ್ಯೂಟರ್ ಅಪ್‌ಗ್ರೇಡ್‌ಗೆ ಅಂತ ರಾತ್ರಿಯೆಲ್ಲ ಕೂತಿರ್ತೀನಲ್ಲ, ಆ ಸಿಸ್ಟಮ್ಮೂ ಹಾಗೇ ಬೀಳ್ತಿದೆ. ಜೊತೆಗಿರ್ಲಿ ಅಂತ."

ಅವಳಿಗೆ ನಗು ಬಂತು. ಅವನ ಕಣ್ಣೂ ಕೆಂಪಗಿತ್ತು. ವೆಸ್ಟ್‌ಲ್ಯಾಂಡ್ಸ್‌ನ ಒಂದೇ ಅಪಾರ್ಟ್‌ಮೆಂಟಿನಲ್ಲಿ ಅವನು ಎರಡನೇ ಮಹಡಿ, ಅವಳು ಮೂರನೇದು. ತನ್ನ ಕಾರು ರಿಪೇರಿಗೆಂದು ಗ್ಯಾರೇಜಿನಲ್ಲಿದ್ದರೂ, ಶನಿವಾರದ ನಿದ್ದೆ ಬಿಟ್ಟು, ಜನ ತುಂಬಿದ ಮಟಾಟು ವ್ಯಾನು ಹಿಡಿದು ಜೊತೆಗೆ ಬಂದಿದ್ದ. ಯಾಕೆ ಬಂದ ಅಂತ ಅವಳು ಕೇಳಿರಲಿಲ್ಲ. ಕೇಳಿದರೆ ಅವನು ಹೇಳಿಬಿಟ್ಟಾನು ಎಂಬ ಭಯ.

ಯಾಕೆಂದರೆ ಬ್ಯಾಗು ಬೇಕಾಗಿದ್ದು ಬರೀ ಸ್ಕೀಯಿಂಗ್‌ಗೆ ಅಲ್ಲ. ಗುರುವಾರ ಅವಳು ಕಾನ್ಫರೆನ್ಸಿಗೆಂದು ಜ್ಯೂರಿಕ್‌ಗೆ ಹೊರಡುತ್ತಾಳೆ. ಅದು ಮುಗಿದ ಮೇಲೆ ಭಾನುವಾರ, ಅಲ್ಲೇ ಕೆಲಸದಲ್ಲಿರುವ ಪ್ರಶಾಂತ್ ಅವಳನ್ನು ಹಿಮದ ಬೆಟ್ಟಕ್ಕೆ ಕರೆದೊಯ್ಯುತ್ತಾರೆ. ಹೆಣ್ಣು ನೋಡುವ ಶಾಸ್ತ್ರ ಅಂದರೆ ಅದೇ. ಮೂವತ್ತಾರು ವರ್ಷ, ಒಂಬತ್ತನೇ ಸಂಬಂಧ. "ಒಂದು ದಿನ ನಗ್ತಾ ಓಡಾಡ್ಕೊಂಡು ಬಾರೇ, ಬಂದು ಹೂಂ ಅಂದ್ಬಿಡು. ಸಾಕಾಯ್ತು ನಂಗೂ," ಎಂದು ಮೈಸೂರಿನಿಂದ ವತ್ಸಲಕ್ಕ ಫೋನ್ ಮಾಡಿದ್ದಳು. ನಮಿತಾ ಹೂಂ ಅನ್ನುವುದೆಂದು ಹೆಚ್ಚುಕಡಿಮೆ ತೀರ್ಮಾನಿಸಿಯೂ ಆಗಿತ್ತು. ಬೇಡ ಅನ್ನಲು ಬೇಕಾಗುವಷ್ಟು ಶಕ್ತಿ ಉಳಿದಿರಲಿಲ್ಲ.

ಪ್ರಶಾಂತ್ ಒಳ್ಳೆಯವರೇ. ಬ್ಯಾಗು ಹೇಗಿರಬೇಕೆಂದು ಹದಿನಾಲ್ಕು ಅಂಶಗಳ ಲಿಸ್ಟ್ ಕಳಿಸಿದ್ದರು. ಇಪ್ಪತ್ತೆರಡು ಲೀಟರು. ಎದೆಗೊಂದು ಪಟ್ಟಿ. ಜೋತಾಡುವ ದಾರ ಇರಕೂಡದು, ಬೆಟ್ಟ ಹತ್ತಿಸಲು ತಂತಿಯಲ್ಲಿ ತೂಗುವ ಕುರ್ಚಿಗೆ ಸಿಕ್ಕಿಕೊಳ್ಳುತ್ತದೆ. ನೀರು ಒಳಗೆ ಬರಬಾರದು. ಬಣ್ಣ ಕಣ್ಣಿಗೆ ಹೊಡೆಯುವಂತಿರಬೇಕು, ಬಿದ್ದರೆ ಹುಡುಕಲು ಸುಲಭ.

"ಇದೇ ಇರ್ಲಿ," ಎಂದು ನಮಿತಾ ಏಳನೇದನ್ನೇ ಮತ್ತೆ ಎತ್ತಿಕೊಂಡಳು. ಕೇಸರಿ ಬಣ್ಣ. ಜಿಪ್ಪಿಗೆ ಯಾರೋ ಹಳೇ ಸ್ಕೀ ಟಿಕೆಟನ್ನು ತಂತಿಯಲ್ಲಿ ಕಟ್ಟಿದ್ದು ಹಾಗೇ ನೇತಾಡುತ್ತಿತ್ತು. "ಲಿಸ್ಟಿನಲ್ಲಿರೋದೆಲ್ಲ ಇದೆ. ನನ್ನ ಕಾಲು ಸೋತ್ಹೋಯ್ತು."

"ಖಾಲಿ ಬ್ಯಾಗು ಯಾವುದಾದ್ರೂ ಚೆನ್ನಾಗೇ ಇರುತ್ತೆ. ತೂಕ ಹಾಕಿ ನೋಡ್ಬೇಕು."

ಮೇರಿಗೆ ಅದು ಹೇಗೋ ಅರ್ಥವಾಯಿತು. ಪಕ್ಕದ ತರಕಾರಿಯವಳನ್ನು ಕೂಗಿ ಐದು ಕಿಲೋ ಆಲೂಗಡ್ಡೆ ತರಿಸಿ ಬ್ಯಾಗಿನೊಳಗೆ ಸುರಿದೇಬಿಟ್ಟಳು. "ನಡೀ ತಾಯೀ, ನಡೆದು ನೋಡು!"

ನಮಿತಾ ಬೆನ್ನಿಗೇರಿಸಿಕೊಂಡಳು. ದ್ವಾರಕಾನಾಥ್ ಮುಂದೆ ಬಂದು ನಿಂತು, "ಒಂದ್ನಿಮಿಷ," ಎಂದ. ಸೊಂಟದ ಬೆಲ್ಟನ್ನು ಅವಳ ಕೈಗೇ ಕೊಟ್ಟು ಬಿಗಿಯಾಗಿ ಹಾಕಿಸಿದ. ಬಲ ಭುಜದ ಪಟ್ಟಿ ಎಳೆದ. ಎಡಗಡೆಯದನ್ನು ಎರಡು ಬೆರಳಿನಷ್ಟು ಸಡಿಲ ಬಿಟ್ಟ. ಅವನ ಬೆರಳು ಎಲ್ಲೂ ತಾಗಲಿಲ್ಲ. ತಾಗದಿರಲು ಅವನು ಪಡುತ್ತಿದ್ದ ಪಾಡು ಮಾತ್ರ ಅವಳಿಗೆ ತಾಗುತ್ತಿತ್ತು. ಅವನ ಕಣ್ಣು ಪಟ್ಟಿಯಿಂದ ಒಮ್ಮೆ ಮೇಲೆದ್ದು, ಅವಳ ಕಣ್ಣು ಸಿಕ್ಕಿದ್ದೇ ಮತ್ತೆ ಬಕಲ್‌ಗೆ ಓಡಿಹೋಯಿತು.

"ಎಡಗಡೆ ಯಾಕೆ ಸಡಿಲ?"

"ಎಡ ಭುಜ ನೋಯುತ್ತಲ್ಲ ನಿಮಗೆ."

ರೋಗಿಗಳನ್ನು ಎತ್ತಿ ಹೊರಳಿಸಿ ಬಂದ ನೋವು. ಆಸ್ಪತ್ರೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಕ್ಕನಿಗೂ ಹೇಳಿರಲಿಲ್ಲ.

"ನಾನು ಯಾವಾಗ ಹೇಳ್ದೆ?"

"ಹೇಳಿಲ್ಲ. ಡಿಸೆಂಬರ್‌ನಲ್ಲಿ ಲಿಫ್ಟ್ ಕೆಟ್ಟಿತ್ತು ನೋಡಿ. ದಿನಸಿ ಚೀಲ ಬಲಗೈಲಿ ಹಿಡ್ಕೊಂಡು ಹತ್ತಿದ್ರಿ. ಕೈ ಸೋತಾಗ ಚೀಲಾನ ಮೆಟ್ಟಿಲ ಮೇಲಿಟ್ಟು ನಿಂತ್ರೇ ಹೊರತು ಎಡಗೈಗೆ ಬದಲಾಯಿಸ್ಲಿಲ್ಲ. ನಾಲ್ಕು ಸಲ ನಿಂತ್ರಿ. ಐದನೇ ಸಲ ನಾನು ತಗೊಂಡೆ."

ಹದಿನಾಲ್ಕು ಅಂಶಗಳ ಲಿಸ್ಟಿನಲ್ಲಿ ಅವಳ ಭುಜ ಇರಲಿಲ್ಲ. ಅದು ಪ್ರಶಾಂತ್ ತಪ್ಪೂ ಅಲ್ಲ. ಅವರು ಅವಳು ಮೆಟ್ಟಿಲು ಹತ್ತುವುದನ್ನು ನೋಡಿದವರಲ್ಲ. ನೋಡುವಂತೆ ಮಾಡಲು ಮತ್ತೆ ಮೊದಲಿನಿಂದ ಶುರುಮಾಡಬೇಕು. ನಗಬೇಕು, ಹೇಳಿಕೊಳ್ಳಬೇಕು. ಅದನ್ನು ನೆನೆದರೇ ಅವಳಿಗೆ ಕೂತುಬಿಡುವ ಹಾಗಾಯಿತು.

ಕೂತೇಬಿಟ್ಟಳು, ಮೇರಿಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಬೆನ್ನಿನಲ್ಲಿ ಆಲೂಗಡ್ಡೆ ಹೊತ್ತುಕೊಂಡೇ.

"ಏಳು ಬ್ಯಾಗು ಬೇಡ ಅಂದ್ರಲ್ಲ, ನಿಜ ಹೇಳಿ. ಅಷ್ಟೂ ಕೆಟ್ಟದಾಗಿದ್ವಾ?"

"ಆರು ನಿಜವಾಗ್ಲೂ ಚೆನ್ನಾಗಿರ್ಲಿಲ್ಲ."

"ಇದು?"

ಅವನು ತಗಡಿನ ಮಾಡು ನೋಡಿದ. ಮೇರಿಯನ್ನು ನೋಡಿದ. ಕೊನೆಗೆ ಅವಳನ್ನೇ ನೋಡಿದ.

"ಇದು ಚೆನ್ನಾಗಿದೆ. ಜಿಪ್ಪೂ ಚೆನ್ನಾಗಿದೆ. ಇದನ್ನ ತಗೊಂಡ್ರೆ ನೀವು ಹೊರಟ್ಬಿಡ್ತೀರಿ, ಅದಕ್ಕೆ."

ಇಷ್ಟು ಹೊತ್ತು ತಡೆದುಕೊಂಡಿದ್ದ ಏನೋ ಒಂದು ಅವಳ ಎದೆಯೊಳಗೆ ಮೆಲ್ಲಗೆ ಕೆಳಗಿಳಿದು ಕೂತಿತು. ಸಂಭ್ರಮವೇನಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟಾಗ ಆಗುತ್ತದಲ್ಲ, ಹಾಗೆ.

"ಸುಸ್ತಾಗಿದೆ ದ್ವಾರಕಾನಾಥ್. ಹಿಮದ ಮೇಲೆ ದಿನವಿಡೀ ನಗ್ತಾ ನಿಲ್ಲೋಕೆ ನನ್ನ ಕೈಲಾಗಲ್ಲ."

"ನಗದಿದ್ರೂ ಪರವಾಗಿಲ್ಲ ಅನ್ನೋ ಕಡೆ ಇರಿ."

"ಅದೆಲ್ಲಿ?"

"ಎರಡನೇ ಮಹಡಿ."

ಮೇರಿ, "ಸವಾ? ಸವಾ?" ಎಂದು, ಸರಿ ತಾನೇ ಎಂಬಂತೆ ಇಬ್ಬರ ಮುಖವನ್ನೂ ನೋಡಿದಳು. "ಸವಾ," ಎಂದು ನಮಿತಾ ಒಪ್ಪಿಕೊಂಡು, ಬ್ಯಾಗಿನ ದುಡ್ಡೂ ಆಲೂಗಡ್ಡೆಯ ದುಡ್ಡೂ ಕೊಟ್ಟಳು.

ಮಟಾಟುವಿನಲ್ಲಿ ದ್ವಾರಕಾನಾಥ್ ಅವಳ ಬಲಕ್ಕೇ ಕೂತ. ಬ್ಯಾಗು ಅವನ ಕಾಲ ಬಳಿ. ನಮಿತಾ ಫೋನು ತೆಗೆದು ಪ್ರಶಾಂತ್‌ಗೆ ಬರೆದಳು: 'ಭಾನುವಾರ ಬರುವುದಿಲ್ಲ. ನನ್ನ ಮನಸ್ಸು ಇಲ್ಲೇ ಇದೆ ಅಂತ ಇವತ್ತು ಗೊತ್ತಾಯಿತು. ಕ್ಷಮಿಸಿ. ನಿಮ್ಮ ಲಿಸ್ಟ್ ತುಂಬ ಉಪಯೋಗಕ್ಕೆ ಬಂತು.' ಕಳಿಸಿ, ಫೋನನ್ನು ಅವನ ಕಡೆ ತಿರುಗಿಸಿದಳು. ಅವನು ಎರಡು ಸಲ ಓದಿದ.

"ಕಾನ್ಫರೆನ್ಸ್ ಮುಗಿಸ್ಕೊಂಡು ಭಾನುವಾರ ಸಂಜೆನೇ ವಾಪಸ್ ಬರ್ತೀನಿ. ಏರ್‌ಪೋರ್ಟಿಗೆ ಬರ್ತೀರಾ?"

"ಕಾರು ರಿಪೇರಿ ಆಗಿದ್ರೆ."

"ಆಗದಿದ್ರೆ?"

"ಮಟಾಟು ಇದೆಯಲ್ಲ ಡಾಕ್ಟ್ರೇ," ಎಂದ. ಮಾತು ಮುಗಿಯುವುದರೊಳಗೆ ಅವನ ಕಣ್ಣು ಮುಚ್ಚಿತ್ತು. ತಲೆ ಮೆಲ್ಲಗೆ ವಾಲಿ ಅವಳ ಬಲ ಭುಜಕ್ಕೆ ಬಂತು.

ನ್ಗೊಂಗ್ ರಸ್ತೆಯ ಉಬ್ಬಿನಲ್ಲಿ ಮಟಾಟು ಎಗರಿತು. ಅರ್ಧ ತೆರೆದಿದ್ದ ಜಿಪ್ಪಿನಿಂದ ಒಂದು ಆಲೂಗಡ್ಡೆ ಉರುಳಿ ಬಾಗಿಲ ಕಡೆ ಹೊರಟಿತು. ಬಗ್ಗಿ ಹಿಡಿಯಬೇಕೆಂದರೆ ನಮಿತಾ ಭುಜ ಅಲ್ಲಾಡಿಸಬೇಕಿತ್ತು. ಅವಳು ಅಲ್ಲಾಡಲಿಲ್ಲ. ಕಂಡಕ್ಟರ್ ಅದನ್ನು ಬೂಟುಗಾಲಿನಿಂದ ತಡೆದು, ಎತ್ತಿ, ಅಂಗಿಗೆ ಒರೆಸಿ, ಸದ್ದು ಮಾಡದೆ ಅವಳ ಕೈಯಲ್ಲಿಟ್ಟು ಹೋದ.