ಕೊಟ್ಟೂರೇಶನ ಎಕೋ

"ನನ್ನ ದನಿ ಯಾಕ ಹಿಂಗ್ ಕೇಳ್ತೈತ್ರಿ?" ಮೈಕಿನಿಂದ ಮುಖ ತೆಗೆದು ಅಂಜನ್ ಕೇಳಿದ.

"ಹೆಂಗ್ ಕೇಳ್ತೈತೆ?"

"ನನಗಿಂತ ಚಂದ ಇರೋ ಯಾರೋ ಹಾಡ್ದಂಗೆ."

ಸೌಂಡ್ ಮಿಕ್ಸರ್ ಹಿಂದೆ ಕೂತಿದ್ದ ಕೃತಿಕಾ ನಕ್ಕಳು. "ಚಂದ ಮಾಡೋದೇ ನನ್ನ ಕೆಲ್ಸ. ಸುಮ್ನೆ ಹಾಡ್ರಿ."

ನಿಟ್ಟುವಳ್ಳಿಯ ಹಳೇ ಹಿಟ್ಟಿನ ಗಿರಣಿಯ ಮೇಲಿನ ಈ ಪುಟ್ಟ ಹಾಲ್‌ನಲ್ಲಿ ಭಾನುವಾರ ಸಂಜೆ ತಾವೇ ಬರೆದ ಹಾಡನ್ನಷ್ಟೇ ಹಾಡಬೇಕು. ಯಾರಾದರೂ ಸಿನಿಮಾ ಹಾಡು ಎತ್ತಿದರೆ ಹಾಲ್ ಯಜಮಾನರಾದ ಖುದ್ದೂಸ್ ಭಾಯಿ ಮುಲಾಜಿಲ್ಲದೆ ಫ್ಯಾನ್ ಆಫ್ ಮಾಡುತ್ತಿದ್ದರು. ಹರಿಹರದಿಂದ ಪ್ರತಿ ವಾರ ಬಸ್ ಹತ್ತಿ ಬರುವ ಅಂಜನ್‌ನ ಹಾಡುಗಳೆಲ್ಲ ಈಗ ಮಿಕ್ಸರ್ ಹಿಂದೆ ಕೂತವಳ ಬಗ್ಗೆಯೇ. ಅವನು ಹಾಡುವಾಗ ಅವಳು ಹೆಡ್‌ಫೋನ್ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದಳು. ತುಟಿಯಂಚಿನಲ್ಲಿ ಸಣ್ಣ ನಗು. ಆ ನಗು ತನ್ನದೆಂದು ನಂಬಿ ಅವನು ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಊರು ಸೇರುತ್ತಿದ್ದ. ಪ್ರೀತಿಗೆ ಬಿದ್ದವನಿಗೆ ಕಂಡಕ್ಟರ್ ನೋಡುತ್ತಾನೆಂಬ ಖಬರು ಎಲ್ಲಿ?

ಅವತ್ತು ಜನ ಎದ್ದು ಹೋದ ಮೇಲೆ ಖುದ್ದೂಸ್ ಭಾಯಿ ಕಣ್ಣೊರೆಸಿಕೊಂಡರು. "ಯಾ ಅಲ್ಲಾ, ನಮ್ ಕೊಟ್ಟೂರೇಶನೇ ಎದ್ದು ಬಂದಂಗಾತು."

"ಯಾರ್ರಿ ಅವ್ರು?" ಎಂದ ಅಂಜನ್.

ಭಾಯಿ ಕೃತಿಕಾಳ ಕಡೆ ನೋಡಿ ಮೆಟ್ಟಿಲಿಳಿದರು. ಅವಳೇ ಹೇಳಿದಳು. ಕೊಟ್ಟೂರೇಶ ಇಲ್ಲಿ ಹಾಡುತ್ತಿದ್ದ. ಅವಳನ್ನು ಮದುವೆಯಾಗುವವನಿದ್ದ. ಹೋದ ವರ್ಷ ಬೈಕ್ ಅಪಘಾತದಲ್ಲಿ ತೀರಿಕೊಂಡ. ಅವನ ದನಿಗೆ ಎಷ್ಟು ಬೇಸ್, ಎಷ್ಟು ಎಕೋ ಬೇಕೆಂದು ಅವಳ ಬೆರಳಿಗೆ ಗೊತ್ತಿತ್ತು. ಅಂಜನ್ ಬಂದ ಮೊದಲ ದಿನ ಮಿಕ್ಸರ್ ಮೇಲೆ ಬೆರಳು ತಾನಾಗಿಯೇ ಅದೇ ಅಳತೆಗೆ ಹೋಗಿ ನಿಂತಿತು. ಹೆಡ್‌ಫೋನಿನಲ್ಲಿ ಅವಳಿಗೆ ಕೇಳಿಸಿದ್ದು ಕೊಟ್ಟೂರೇಶನ ದನಿ. ಅಂದಿನಿಂದ ಅವಳು ಅದನ್ನು ಬದಲಿಸಿರಲಿಲ್ಲ.

"ಹಂಗಾರೆ ನೀವು ನಗ್ತಿದ್ದದ್ದು..."

"ಅವನಿಗೆ. ನಿಮಗೆ ಸುಳ್ಳು ಹೇಳೋದು ಬ್ಯಾಡ ಅನ್ಸ್ತು."

ಅಂಜನ್‌ಗೆ ಸತ್ತವನ ಮೇಲೆ ಹೊಟ್ಟೆಕಿಚ್ಚಾಯಿತು, ಆದದ್ದಕ್ಕೆ ನಾಚಿಕೆಯೂ ಆಯಿತು. ಗಿಟಾರನ್ನು ಬ್ಯಾಗಿಗೆ ತುಂಬಲು ಹೋದವನು, ಏನೆನ್ನಿಸಿತೋ, ಮೈಕಿನ ವೈರ್ ಕಿತ್ತು ಕೆಳಗಿಟ್ಟ.

"ಒಂದ್ಸಲ ನನ್ನನ್ನ ಕೇಳ್ರಿ. ಆಮೇಲೆ ಬರಬ್ಯಾಡ ಅಂದ್ರೆ ಬರಲ್ಲ."

ಅವನ ದನಿ ತೆಳ್ಳಗಿತ್ತು. ಮೇಲಿನ ಸ್ವರದಲ್ಲಿ ಒಡೆಯಿತು. ಹಾಲ್‌ನ ಹಿಂದೆ ಮಿಕ್ಸರ್ ಬಳಿ ಕೂತಿದ್ದ ಕೃತಿಕಾಳಿಗೆ ಪದಗಳು ಸರಿಯಾಗಿ ಕೇಳಲಿಲ್ಲ, ಕೇಳಬೇಕೆನ್ನಿಸಿತು. ಹಾಗೆನ್ನಿಸಿದ್ದಕ್ಕೆ ಭಯವಾಯಿತು. ಇವನನ್ನು ಕೇಳಿಸಿಕೊಂಡರೆ ಕೊಟ್ಟೂರೇಶ ಇನ್ನೊಮ್ಮೆ ಸಾಯುತ್ತಾನೆ. ಆದರೂ ಕೊರಳಲ್ಲಿದ್ದ ಹೆಡ್‌ಫೋನ್ ತೆಗೆದಿಟ್ಟು ಎದ್ದಳು. ಕುರ್ಚಿಗಳ ಸಾಲು ದಾಟಿ ಬಂದು ಅವನೆದುರು ನೆಲದ ಮೇಲೆಯೇ ಕೂತಳು.

"ಮೊದ್ಲಿಂದ ಹಾಡು."

"ರಿ" ಬಿಟ್ಟುಹೋಗಿದ್ದು ಇಬ್ಬರಿಗೂ ಕೇಳಿಸಿತು. ಅಂಜನ್ ತಲೆ ತಗ್ಗಿಸಿ, ತಂತಿ ಮೀಟಿ ಶುರು ಮಾಡಿದ.

ಹಿಂದಿನಿಂದ, ಮಿಕ್ಸರ್ ಇದ್ದ ಕತ್ತಲಿನಿಂದ, ಯಾರೋ ಅವಳ ಹೆಸರು ಕರೆದರು. ಅವಳಿಗೆ ಚೆನ್ನಾಗಿ ಗೊತ್ತಿದ್ದ ದನಿ. ಕೃತಿಕಾಳ ಕಣ್ಣು ತುಂಬಿ ಹರಿಯಿತು. ಅವಳು ಓಗೊಡಲಿಲ್ಲ, ತಿರುಗಿಯೂ ನೋಡಲಿಲ್ಲ. ಅಂಜನ್‌ನ ಒಡಕು ದನಿಗೆ ಇನ್ನಷ್ಟು ಹತ್ತಿರ ಸರಿದು ಕೂತಳು.