ಕಾಣೆಯಾದ ಗುರುವಾರಗಳು

"ಆ ಕಂಪ್ಯೂಟರ್ ಮುಟ್ಟಬೇಡಿ."

ಬೀಜ ಪ್ರಯೋಗಾಲಯದ ಬಾಗಿಲಲ್ಲೇ ಸಂಶೋಧಕಿ ಕಂಪ್ಯೂಟರ್ ತಂತ್ರಜ್ಞನನ್ನು ತಡೆದಳು. ಅವನು ಚೀಲ ಕೆಳಗಿಳಿಸಿ, ಮುಟ್ಟುವುದಕ್ಕೆಂದೇ ತನ್ನನ್ನು ಕರೆಸಿದ್ದಾರೆಂದು ಮೆಲ್ಲನೆ ಹೇಳಿದ.

ಆಕೆಯ ಕಣ್ಣುಗಳು ಕೆಂಪಾಗಿದ್ದವು. ಹಿಂದಿನ ದಿನ, ಸೋಮವಾರ, ಸರ್ವರ್ ಕೆಟ್ಟು ಏಳು ವರ್ಷಗಳ ಮೊಳಕೆ ಪರೀಕ್ಷೆಯ ಡೇಟಾಬೇಸ್ ಅಳಿಸಿಹೋಗಿತ್ತು. ಶನಿವಾರದೊಳಗೆ ದಾಖಲೆ ಪೂರ್ಣವಾಗದಿದ್ದರೆ ಪ್ರಯೋಗವನ್ನೇ ನಿಲ್ಲಿಸುವುದಾಗಿ ನಿರ್ದೇಶಕರು ಹೇಳಿದ್ದರು. ಮೊಳಕೆ ಬರಿಸುವ ತಟ್ಟೆಗಳ ಬೀಜಗಳನ್ನು ಆಕೆ ಕೂಸುಗಳಂತೆ ಸಾಕಿದ್ದಳು...

ದಿನವೂ ಮಧ್ಯಾಹ್ನ ಒಂದು ಗಂಟೆಗೆ ಅಂದಂದಿನ ದಾಖಲೆ ಮೂಲೆಯ ಬ್ಯಾಕಪ್ ಯಂತ್ರಕ್ಕೆ ನಕಲಾಗುತ್ತಿತ್ತು. ಅವನು ಆ ನಕಲುಗಳನ್ನು ದಿನಾಂಕದ ಪ್ರಕಾರ ಜೋಡಿಸತೊಡಗಿದ. ಪ್ರತಿ ಸಂಖ್ಯೆಯನ್ನೂ ಎರಡು ಬಾರಿ ನೋಡುತ್ತಿದ್ದ. ತನ್ನಂತೆಯೇ ಎರಡು ಬಾರಿ ನೋಡುವವನೊಬ್ಬ ಲೋಕದಲ್ಲಿದ್ದಾನೆಂದು ಆಕೆಗೆ ಒಳಗೊಳಗೇ ಹಿತವೆನಿಸಿತು.

ಆ ಹಿತ ಬುಧವಾರದವರೆಗೆ ಮಾತ್ರ ಉಳಿಯಿತು.

ಅಂದು ನಿರ್ದೇಶಕರು ಆಕೆಯನ್ನು ಕರೆದು, ಏಳು ವರ್ಷಗಳ ಒಂದು ಗುರುವಾರದ ದಾಖಲೆಯೂ ಇಲ್ಲವೆಂದು ಅವನು ವರದಿ ಕೊಟ್ಟಿರುವುದನ್ನು ತೋರಿಸಿದರು. ವಾರಕ್ಕೊಂದು ದಿನ ಎಣಿಸುವುದನ್ನೇ ಬಿಟ್ಟಿದ್ದೀರಾ ಎಂದು ಕೇಳಿದರು. ಆಕೆ ನೇರವಾಗಿ ಅವನ ಮೇಜಿನ ಮುಂದೆ ಬಂದು ನಿಂತಳು.

"ಏಳು ವರ್ಷ ಗುರುವಾರ ಬಂದ್ರೆ ನಾನು ಮಲಗಿರ್ತಿದ್ನಾ? ಕಳಿಸೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

'ಇವನನ್ನು ನಂಬಿದೆನಲ್ಲ...' ಎಂದು ಆಕೆಯ ಮನಸ್ಸು ಕುದಿಯಿತು.

ಮರುದಿನ ಗುರುವಾರ. ಅವನು ಬೆಳಗಿನಿಂದ ಬ್ಯಾಕಪ್ ಯಂತ್ರದೆದುರು ಕಾವಲುಗಾರನಂತೆ ಕುಳಿತ. ಒಂದು ಗಂಟೆಗೆ ಐದು ನಿಮಿಷವಿದ್ದಾಗ ಸ್ವಚ್ಛತಾ ಮೇಲ್ವಿಚಾರಕಿ ನೆಲ ಉಜ್ಜುವ ಯಂತ್ರ ತಳ್ಳಿಕೊಂಡು ಬಂದು, ಬ್ಯಾಕಪ್ ಯಂತ್ರದ ಪ್ಲಗ್ ಕಿತ್ತು, ತನ್ನದನ್ನು ಸಿಕ್ಕಿಸಿದಳು. ಆಕೆ ಬೇರೆ ಯಾರೂ ಅಲ್ಲ, ಸಂಶೋಧಕಿಯ ಸ್ವಂತ ದೊಡ್ಡಮ್ಮ.

"ದಿನಾ ಗುಂಯ್ ಅಂತಿರತ್ತಪ್ಪಾ ಅದು. ವಾರಕ್ಕೊಂದಿನ ಅದಕ್ಕೂ ಸುಧಾರಿಸ್ಕೊಳ್ಳೋಕೆ ಬಿಡಬೇಕಲ್ವಾ?"

ಸಂಗತಿ ತಿಳಿದಾಗ ದೊಡ್ಡಮ್ಮ ಕುಸಿದು ಕುಳಿತಳು. ಮರುಕ್ಷಣವೇ ಎದ್ದು ಉಗ್ರಾಣಕ್ಕೆ ಓಡಿ, ಹನ್ನೊಂದು ತಗಡಿನ ಡಬ್ಬಗಳನ್ನು ಹೊತ್ತು ತಂದಳು. ಪ್ರತಿ ತಟ್ಟೆಗೂ ಸಿಕ್ಕಿಸಿ, ದಿನದಿನದ ಎಣಿಕೆಯನ್ನು ಸಂಶೋಧಕಿ ಪೆನ್ಸಿಲಿನಲ್ಲಿ ಗುರುತು ಹಾಕಿದ ಚೀಟಿಗಳು ಅವುಗಳಲ್ಲಿದ್ದವು. ಪರೀಕ್ಷೆ ಮುಗಿದ ಮೇಲೆ ಕಸಕ್ಕೆ ಹೋಗಬೇಕಾಗಿದ್ದವು. ತಾನು ಎತ್ತಿ ಆಡಿಸಿದ ಮಗುವಿನ ಅಕ್ಷರವನ್ನು ಕಸಕ್ಕೆ ಹಾಕಲು ಕೈ ಬರಲಿಲ್ಲವೆಂದು ದೊಡ್ಡಮ್ಮ ಮೂಗು ಒರೆಸಿಕೊಂಡಳು.

ಅವನು ಮೊದಲು ನಿರ್ದೇಶಕರ ಬಳಿ ಹೋಗಿ, ತಪ್ಪು ತನ್ನ ಅವಸರದ್ದೆಂದು ಒಪ್ಪಿಕೊಂಡ. ನಂತರ ಆಕೆಯ ಕ್ಷಮೆ ಕೇಳಿದ. ಆಕೆ ಒಂದು ಡಬ್ಬವನ್ನು ಅವನತ್ತ ಸರಿಸಿದಳು. ಅಷ್ಟೇ ಸಾಕಾಯಿತು.

ಆರುನೂರ ನಲವತ್ತು ಚೀಟಿಗಳನ್ನು ಆಕೆ ಆರಿಸಿಕೊಟ್ಟಳು, ಅವನು ಓದಿ ದಾಖಲಿಸಿದ. ಶುಕ್ರವಾರ ಸಂಜೆ ಕೊನೆಯ ಗುರುವಾರ ತುಂಬಿತು. ಶನಿವಾರ ನಿರ್ದೇಶಕರು ನೋಡಿ, ಪ್ರಯೋಗ ಮುಂದುವರಿಯಲಿ ಎಂದು ಸಹಿ ಹಾಕಿದರು.

ಆಕೆ ಕುಣಿಯುವುದೊಂದು ಬಾಕಿ! ಪರದೆಯನ್ನು ಮತ್ತೆ ನೋಡಿದಳು. ಅಲ್ಲಿ ಹೊಸದೊಂದು ಕಾಲಂ ಇತ್ತು. 'ಹದಿನೇಳನೆಯ ದಿನ, ಒಂದೇ ಮೊಳಕೆ. ಬಂದೆಯಾ ಮಹಾರಾಯ?' ಚೀಟಿಗಳ ಅಂಚಿನಲ್ಲಿ ಆಕೆ ತನ್ನಷ್ಟಕ್ಕೆ ಬರೆದುಕೊಂಡ ಮಾತುಗಳೆಲ್ಲ ಅಲ್ಲಿದ್ದವು.

ಆಕೆಯ ಕೆನ್ನೆ ಬಿಸಿಯಾಯಿತು. "ಇವೆಲ್ಲ ಯಾಕೆ ಹಾಕಿದ್ರಿ?"

"ಸಂಖ್ಯೆಗಳನ್ನ ಕೆಲಸಕ್ಕೆ ಓದ್ದೆ. ಇವನ್ನ ನನಗೋಸ್ಕರ ಓದ್ದೆ." ಅವನು ತಡವರಿಸಿದ. "ಕೆಲಸ ನಿನ್ನೇನೇ ಮುಗೀತು. ಇವತ್ತು ನಿಮ್ಮನ್ನ ನೋಡೋಕೆ ಬಂದಿದ್ದು. ನನಗೆ ನೀವಂದ್ರೆ ತುಂಬಾ ಇಷ್ಟ."

ಆಕೆ ಆ ಕಾಲಂನ ಸಾಲುಗಳನ್ನು ಕೊನೆಯವರೆಗೆ ಓದಿ, ಅವನತ್ತ ತಿರುಗಿದಳು.

"ಇದು ನ್ಯಾಯ ಅಲ್ಲ. ನೀವು ನನ್ನ ಏಳು ವರ್ಷ ಓದಿದ್ದೀರಿ. ನಿಮ್ಮ ಬಗ್ಗೆ ನನಗೆ ಒಂದು ಸಾಲೂ ಗೊತ್ತಿಲ್ಲ."

"ಬರೆದುಕೊಡ್ಲಾ?"

"ಬೇಡ," ಎಂದು ಆಕೆ ಪಕ್ಕದ ಸ್ಟೂಲನ್ನು ಹತ್ತಿರಕ್ಕೆಳೆದಳು. "ಇಲ್ಲಿ ಕೂತ್ಕೊಂಡು ಹೇಳಿ. ಮೊದಲಿಂದ ಹೇಳಿ. ನನಗೇನೂ ಅವಸರ ಇಲ್ಲ."